ಎರಡು ಬೆರಳಿನಷ್ಟು ಕಲ್ಲು

ಕೊಕ್ಕರೆ ಬೆಳ್ಳೂರು
9 ಜೂನ್ 2025

ತಂಗಿ ಅರುಂಧತಿಗೆ ಚಲುವರಾಜು ಮಾಡುವ ಆಶೀರ್ವಾದ.

ಮೂರು ವರ್ಷ ಆದ ಮೇಲೆ ಅಣ್ಣನ ಕೈಬರಹ ಕಂಡು ಹೌಹಾರಬೇಡ. ಯಾರೂ ಸತ್ತಿಲ್ಲ. ಅವ್ವನ ಹನ್ನೊಂದನೇ ದಿನದ ತಿಥಿಯಲ್ಲಿ ನೆಂಟರ ಮುಂದೆ ನಾನು ದೇವರ ಬಸವಪ್ಪನ ಮೇಲೆ ಆಣೆ ಇಟ್ಟದ್ದು ನಿನಗೆ ನೆನಪಿರುತ್ತದೆ. 'ಅವ್ವನ ಮಣ್ಣಿಗೆ ಬರ್ದೇ ಇದ್ದೋಳ್ ಕುಟೆ ಇನ್ ನಂಗೆ ಮಾತಿಲ್ಲ' ಅಂದಿದ್ದೆ. ಆ ಆಣೆ ಹಾಗೇ ಇದೆ. ಆದರೆ ಆಣೆ ಬಿದ್ದಿರುವುದು ನನ್ನ ಬಾಯಿಗೆ, ಕೈಗಲ್ಲ. ಇಷ್ಟನ್ನು ಕಂಡುಹಿಡಿಯುವುದಕ್ಕೆ ಇವರಿಗೆ ಮೂರು ವರ್ಷ ಬೇಕಾಯಿತು ಅಂತ ನಿನ್ನ ಅತ್ತಿಗೆ ನಗುತ್ತಾಳೆ. ಇಂದ್ರಮ್ಮ ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದು ನನಗೆ ಗೊತ್ತು. ಕೊಟ್ಟಿಗೆಗೆ ಹೋಗಿ ಮಾತಾಡುತ್ತಾಳೆ. ನಿನ್ನ ಸಮಾಚಾರ ನಮ್ಮ ಎಮ್ಮೆಗೆಲ್ಲ ಗೊತ್ತು, ನನಗೆ ಮಾತ್ರ ಇಲ್ಲ.

ವಿಷಯಕ್ಕೆ ಬರುತ್ತೇನೆ. ಮನೆ ಮುಂದಿನ ಹುಣಸೆಮರ ತೆಗೆಸಬೇಕು ಅಂತ ಮಾಡಿದ್ದೇನೆ. ಹೋದ ತಿಂಗಳ ಗಾಳಿಗೆ ಒಂದು ಕೊಂಬೆ ಮುರಿದು ಅಡುಗೆಮನೆಯ ಶೀಟು ಒಡೆಯಿತು. ಬುಡವೂ ಟೊಳ್ಳಾಗಿದೆ. ಹಲಗೂರಿನಿಂದ ಮರ ಕೊಯ್ಯುವ ಶಶಿಧರ್ ಬಂದು ನೋಡಿಕೊಂಡು ಹೋಗಿದ್ದಾನೆ. ಹಕ್ಕಿ ಗೂಡು ಕಟ್ಟುವ ಮರಕ್ಕೆ ನಮ್ಮೂರಲ್ಲಿ ಯಾರೂ ಕೊಡಲಿ ಮುಟ್ಟಿಸುವುದಿಲ್ಲ, ಅದು ನಿನಗೂ ಗೊತ್ತು. ಆದರೆ ನಮ್ಮ ಮರದಲ್ಲಿ ಈಗ ಮೂರು ವರ್ಷದಿಂದ ಒಂದು ಕೊಕ್ಕರೆಯೂ ಕೂತಿಲ್ಲ, ಚೀಲದ ಕೊಕ್ಕಿನ ಒಂದು ಹೆಜ್ಜಾರ್ಲೆಯೂ ಇಳಿದಿಲ್ಲ. ಪಕ್ಕದ ಶಿವಣ್ಣನ ಮರದಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಜಾಗ ನಮ್ಮಿಬ್ಬರ ಹೆಸರಿನಲ್ಲಿ ಇರುವುದರಿಂದ ಅರಣ್ಯ ಇಲಾಖೆಗೆ ಕೊಡುವ ಅರ್ಜಿಗೆ ನಿನ್ನ ಒಪ್ಪಿಗೆ ಬೇಕಂತೆ. ಒಂದು ಸಾಲು ಬರೆದು ಸಹಿ ಹಾಕಿ ಕಳಿಸು. ಚಳಿಗಾಲಕ್ಕೆ ಹಕ್ಕಿಗಳು ಊರಿಗೆ ಬರುವುದರೊಳಗೆ ಕೆಲಸ ಮುಗಿಯಬೇಕು.

ಇಂತಿ,
ಚಲುವರಾಜು

*

ಸ್ಪಿತಿ ಕಣಿವೆ, ಹಿಮಾಚಲ
2 ಜುಲೈ 2025

ಅಣ್ಣಯ್ಯನಿಗೆ ಅರುಂಧತಿಯ ನಮಸ್ಕಾರ.

ನಿನ್ನ ಕಾಗದ ಮೂರು ವಾರ ದಾರಿ ಸವೆಸಿ ನಿನ್ನೆ ಬಂತು. ಲಕೋಟೆಯ ಮೇಲೆ ನಿನ್ನ ಮಗಳು ಗಗನಳ ಅಕ್ಷರವಿತ್ತು, ಒಳಗೆ ನಿನ್ನದು ಇರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಓದಿ ಅತ್ತೆ. ಜೊತೆಯಲ್ಲಿದ್ದ ವಿದ್ಯಾರ್ಥಿಗಳು ಮನೆಯಲ್ಲಿ ಏನಾಯಿತು ಅಂತ ಗಾಬರಿಯಾದರು. ಅಣ್ಣ ಮರ ಕಡಿಸುತ್ತಾನಂತೆ ಅಂದೆ.

ಚಂಡೀಗಡದ ಕಾಲೇಜಿನಲ್ಲಿ ಪಾಠ ಮುಗಿದ ಕೂಡಲೇ ಈ ಕಣಿವೆಗೆ ಬರುವುದು ನನಗೆ ಇದು ಹದಿನಾಲ್ಕನೇ ವರ್ಷ. ಇಲ್ಲಿ ಏನು ನೋಡುತ್ತೀಯ ಅಂತ ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರಿಗೆಲ್ಲ ನಾನು ಕಲ್ಲು ಓದುವವಳು, ಅಷ್ಟೇ. ಈಗ ಕಾಗದದ ಬಾಗಿಲು ತೆಗೆದಿದ್ದೀಯ, ಹೇಳಿಬಿಡುತ್ತೇನೆ.

ನಾವು ಬಿಡಾರ ಹಾಕಿರುವುದು ಹದಿಮೂರು ಸಾವಿರ ಅಡಿ ಎತ್ತರದಲ್ಲಿ. ಕಣ್ಣು ಹಾಯಿಸಿದಷ್ಟೂ ಬೋಳು ಬೆಟ್ಟ. ಈ ಬೆಟ್ಟವೆಲ್ಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು, ಆಮೇಲೆ ನೆಲಕ್ಕೆ ನೆಲ ಗುದ್ದಿ ಮೇಲೆದ್ದಿತು. ಒಂದು ಕಡೆ ಬೆಟ್ಟದ ಮಗ್ಗುಲು ಸೀಳಿದೆ, ಅಲ್ಲಿ ಪದರಗಳು ಬರಿಗಣ್ಣಿಗೆ ಕಾಣುತ್ತವೆ. ಕೆಳಗೆ ಕಪ್ಪು ಕಲ್ಲು. ಅದರಲ್ಲಿ ಎರಡು ಹೋಳಿನ ಚಿಪ್ಪುಗಳಿವೆ, ಹುಳು ತೆವಳಿದ ಗೀರುಗಳಿವೆ, ಸಾಲಿಗ್ರಾಮ ಅಂತ ಪೂಜೆ ಮಾಡುತ್ತಾರಲ್ಲ, ಆ ಸುರುಳಿ ಪ್ರಾಣಿಯ ಪೂರ್ವಿಕರಿದ್ದಾರೆ. ಅದರ ಮೇಲೆ ತುಕ್ಕು ಬಣ್ಣದ ಒಂದು ಗೆರೆ, ಎರಡು ಬೆರಳಿನಷ್ಟು ದಪ್ಪ. ಗೆರೆಯ ಮೇಲೆ ಬೂದು ಕಲ್ಲು ಶುರುವಾಗುತ್ತದೆ. ಅದರಲ್ಲಿ ಎಷ್ಟು ಹುಡುಕಿದರೂ ನನಗೆ ಏನೂ ಸಿಕ್ಕಿಲ್ಲ.

ಅಣ್ಣಯ್ಯ, ಆ ಗೆರೆಗೆ ಇಪ್ಪತ್ತೈದು ಕೋಟಿ ವರ್ಷ. ಸಮುದ್ರದಲ್ಲಿದ್ದ ಜೀವಜಾತಿಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಅಲ್ಲಿಗೆ ಮುಗಿದವು. ಅಂಥ ಸಾವು ಭೂಮಿಯ ಮೇಲೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಅದರ ಮೇಲೆ ಕೈ ಇಟ್ಟರೆ ನನ್ನ ಕಿರುಬೆರಳು ಒಂದು ಲೋಕದಲ್ಲಿರುತ್ತದೆ, ತೋರುಬೆರಳು ಇನ್ನೊಂದರಲ್ಲಿ. ಹದಿನಾಲ್ಕು ವರ್ಷದಿಂದ ಇಡುತ್ತಿದ್ದೇನೆ, ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಮರದ ವಿಷಯ. ಮಹಡಿ ಕಟ್ಟಿಸುವ ಯೋಚನೆ ಇದೆಯಾ? ಗಗನಳ ಮದುವೆಗೆ ಅಂತ ಜಾಗ ಮಾಡಿಕೊಳ್ಳುತ್ತಿದ್ದೀಯಾ? ಇದ್ದರೆ ನೇರವಾಗಿ ಹೇಳು, ಕೊಂಬೆಯ ಮೇಲೆ ಹಾಕಬೇಡ. ಅದು ಅವ್ವ ನೀರು ಹೊಯ್ದ ಮರ. ನನಗೆ ಸ್ವಲ್ಪ ಕಾಲ ಕೊಡು.

ನಿನ್ನ ತಂಗಿ,
ಅರುಂಧತಿ

*

ಕೊಕ್ಕರೆ ಬೆಳ್ಳೂರು
24 ಜುಲೈ 2025

ಅರುಂಧತಿಗೆ,

ನಾನು ಕೇಳಿದ್ದು ಹುಣಸೆಮರ, ನೀನು ಬರೆದದ್ದು ಸಮುದ್ರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು.

ಮಹಡಿಯಂತೆ. ಯಾರಿಗೆ ಮಹಡಿ? ಗಗನ ಬೆಳಗ್ಗೆ ಬಸ್ಸು ಹತ್ತಿ ಗೆಜ್ಜಲಗೆರೆ ಫ್ಯಾಕ್ಟರಿಗೆ ಹೋದರೆ ಬರುವುದು ಸಂಜೆ. ಮದುವೆ ಮಾತೆತ್ತಿದರೆ ಅರ್ಧ ಊಟಕ್ಕೆ ಏಳುತ್ತಾಳೆ. ಅಣ್ಣ ಅಂದರೆ ಮರ ಮಾರಿ ಮನೆ ಕಟ್ಟುವವನು ಅಂತ ನೀನು ತಿಳಿದಿದ್ದರೆ ತಿಳಿದುಕೋ. ನನಗೆ ಬೇಜಾರಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆದರೂ ಒಂದು ಮಾತು ಒಪ್ಪಬೇಕು. ನಿನ್ನ ಕಾಗದ ಎರಡು ಸಲ ಓದಿದೆ. ಮೂರನೇ ಸಲ ಪಟ್ಟಲಮ್ಮನ ಟೀ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಬೆಂಚಿನ ಮೇಲಿದ್ದವರೆಲ್ಲ ಟೀ ಆರಿಸಿಕೊಂಡು ಕೇಳಿದರು.

'ಇಪ್ಪತ್ತೈದು ಕೋಟಿ ವರ್ಸನಾ? ಯಾರ್ಲಾ ಎಣ್ಸವ್ರೆ ಅದ್ನ?' ಅಂತ ಶಿವಣ್ಣ ಕೇಳಿದ.

'ನಮ್ಮ ಅರುಂಧತಿ ಎಣ್ಸವ್ಳೆ ಕಣ್ಲಾ' ಅಂದೆ. ಅಂದ ಮೇಲೆ ನನಗೇ ಮುಜುಗರವಾಯಿತು. ಮಾತು ಬಿಟ್ಟವಳನ್ನು ಊರ ಮುಂದೆ ನಮ್ಮ ಅಂದುಬಿಟ್ಟಿದ್ದೆ. ಯಾರೂ ಗಮನಿಸಲಿಲ್ಲ ಅಂದುಕೊಂಡಿದ್ದೇನೆ.

ಇಂದ್ರಮ್ಮನದು ಒಂದು ಪ್ರಶ್ನೆ. 'ಅಷ್ಟೊಂದು ಜೀವ ಸತ್ರೆ ಮಣ್ ಮಾಡೋರ್ ಯಾರಿದ್ರು, ಅದ್ನ ಕೇಳಿ ಬರೀರಿ' ಅಂದಳು. ನನ್ನವು ನಾಲ್ಕು. ಅಷ್ಟು ಸಾಯುವುದಕ್ಕೆ ಎಷ್ಟು ದಿನ ಹಿಡಿಯಿತು? ಸಾಯುವಂಥದ್ದು ಏನಾಯಿತು? ನಾನು ಕೂರುವ ನಮ್ಮ ಹೊಲದ ಬಂಡೆಯಲ್ಲೂ ಅಂಥ ಗೆರೆ ಇದೆಯಾ? ಆಮೇಲೆ ಆ ಸಮುದ್ರ ಎಷ್ಟು ಕಾಲ ಖಾಲಿ ಬಿದ್ದಿತ್ತು? ಕೊನೆಯದಕ್ಕೆ ಮರೆಯದೆ ಉತ್ತರ ಬರೆ.

ಒಪ್ಪಿಗೆ ಪತ್ರ ಕಳಿಸು.

ಚಲುವರಾಜು

*

ಸ್ಪಿತಿ ಕಣಿವೆ
16 ಆಗಸ್ಟ್ 2025

ಅಣ್ಣಯ್ಯನಿಗೆ,

ಮೊದಲು ಅತ್ತಿಗೆಯ ಪ್ರಶ್ನೆ. ಮಣ್ಣು ಮಾಡಿದ್ದು ಮಣ್ಣೇ ಅಂತ ಹೇಳು. ಸತ್ತದ್ದೆಲ್ಲ ತಳಕ್ಕೆ ಇಳಿಯಿತು, ಕೆಸರು ಮೆಲ್ಲಗೆ ಬಂದು ಮುಚ್ಚಿತು. ಬೇರೆ ಯಾರೂ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ.

ಏನಾಯಿತು ಅಂದರೆ, ಉತ್ತರದಲ್ಲಿ, ಈಗಿನ ಸೈಬೀರಿಯಾದ ಕಡೆ, ನೆಲ ಬಿರಿದು ಕರಗಿದ ಕಲ್ಲು ಹರಿಯಿತು. ಒಂದು ದಿನ ಎರಡು ದಿನ ಅಲ್ಲ, ಲಕ್ಷಾಂತರ ವರ್ಷ. ನೆಲದೊಳಗಿನ ಕಲ್ಲಿದ್ದಲು ಉರಿಯಿತು. ಗಾಳಿ ಕೆಟ್ಟು ಬಿಸಿ ಏರಿತು, ಸಮುದ್ರಕ್ಕೆ ಉಸಿರು ಕಟ್ಟಿತು. ದೊಡ್ಡ ಸಾವು ನಡೆದದ್ದು ಅರವತ್ತು ಸಾವಿರ ವರ್ಷದ ಆಸುಪಾಸಿನಲ್ಲಿ ಅಂತ ಬಲ್ಲವರ ಅಂದಾಜು. ಹೆಚ್ಚು ಕಡಿಮೆ ಇದ್ದೀತು. ಸಾಯುವವರಿಗೆ ಅದು ಯುಗಯುಗ. ಕಲ್ಲಿನಲ್ಲಿ ಎರಡು ಬೆರಳು.

ಇಂಥ ದೊಡ್ಡ ಸಾವು ಭೂಮಿಯ ಮೇಲೆ ಐದು ಸಲ ಆಗಿದೆ. ಇದು ಮೂರನೆಯದು. ಐದನೆಯದು ಆರೂವರೆ ಕೋಟಿ ವರ್ಷದ ಹಿಂದೆ, ಆಕಾಶದಿಂದ ಬೆಟ್ಟದಷ್ಟು ದೊಡ್ಡ ಬಂಡೆ ಬಂದು ಬಿದ್ದಾಗ. ಡೈನೋಸಾರುಗಳು ಹೋದದ್ದು ಆಗ. ಎಲ್ಲವೂ ಹೋಗಲಿಲ್ಲ, ರೆಕ್ಕೆ ಬಂದಿದ್ದ ಒಂದು ಕವಲು ಉಳಿಯಿತು. ಅದೇ ಇವತ್ತಿನ ಹಕ್ಕಿಗಳು. ಈ ಸಲ ಕೊಕ್ಕರೆ ಗದ್ದೆಗೆ ಇಳಿದಾಗ ಅದರ ಕಾಲಿನ ಮೇಲೆ ಹಲ್ಲಿಗಿರುವಂಥ ಹುರುಪೆಗಳನ್ನು ನೋಡು. ನಮ್ಮೂರಿನ ಮರಗಳ ಮೇಲೆ ಸಂಸಾರ ಮಾಡುವುದು ಲೋಕದ ಐದನೇ ಸಾವನ್ನು ದಾಟಿ ಬಂದ ವಂಶ.

ನಮ್ಮ ಹೊಲದ ಬಂಡೆಯಲ್ಲಿ ಗೆರೆ ಇಲ್ಲ. ಅದು ಮುನ್ನೂರು ಕೋಟಿ ವರ್ಷದ ಹತ್ತಿರದ್ದು. ಐದು ಸಾವಿಗೂ ಮುಂಚಿನದು. ಅದು ಹುಟ್ಟಿದಾಗ ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿಯೇ ಲೋಕದಲ್ಲಿ ಇರಲಿಲ್ಲ. ನೀನು ಅದರ ಮೇಲೆ ಕೂತು ಬೀಡಿ ಸೇದುತ್ತೀಯ.

ಇನ್ನು ಕೊನೆಯ ಪ್ರಶ್ನೆ. ಸಾವು ಮುಗಿದ ಮೇಲೆ ಸಮುದ್ರದಲ್ಲಿ ಹವಳದ ದಿಬ್ಬ ಒಂದೂ ಇಲ್ಲದೆ ಸುಮಾರು ಒಂದು ಕೋಟಿ ವರ್ಷ ಕಳೆಯಿತು. ಆಮೇಲೆ ಹವಳ ಬಂತು. ಮೊದಲಿನದಲ್ಲ, ಬೇರೆ ಜಾತಿ. ಆದರೆ ಬಂತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಮರ ಕಡಿಯುವುದು ನನಗೆ ಇಷ್ಟವಿಲ್ಲ. ಆದರೆ ಅವ್ವನ ಮರದ ಬಗ್ಗೆ ಬೇಡ ಅನ್ನುವ ಹಕ್ಕು ನನಗಿಲ್ಲ. ಯಾಕೆ ಅಂತ ಹೇಳುತ್ತೇನೆ, ನಿಂತು ಓದಬೇಡ, ಕೂತುಕೋ.

ಅವ್ವ ಹೋದ ಆ ಸೆಪ್ಟೆಂಬರಿನಲ್ಲಿ ರಸ್ತೆ ಕುಸಿದಿತ್ತು, ಅದಕ್ಕೇ ಬರಲಾಗಲಿಲ್ಲ ಅಂತ ನಿಮಗೆಲ್ಲ ಹೇಳಿದೆ. ಕುಸಿದದ್ದು ರಸ್ತೆಯಲ್ಲ, ಬೆಟ್ಟದ ಮಗ್ಗುಲು. ಆ ಕುಸಿತದಲ್ಲೇ ಗೆರೆ ಹೊಸದಾಗಿ, ಹಿಂದೆಂದೂ ಕಾಣದಷ್ಟು ಚೊಕ್ಕಟವಾಗಿ ತೆರೆದುಕೊಂಡಿತ್ತು. ಅವತ್ತು ಮಧ್ಯಾಹ್ನ ಜೀಪಿನವನು ಒಂದು ಚೀಟಿ ತಂದುಕೊಟ್ಟ. ಗಗನ ಫೋನಿನಲ್ಲಿ ಹೇಳಿದ್ದನ್ನು ಪೇಟೆಯಲ್ಲಿ ಯಾರೋ ಬರೆದುಕೊಂಡಿದ್ದರು. ತಾಯಿಗೆ ಸೀರಿಯಸ್ಸು, ಕೂಡಲೇ ಹೊರಡಬೇಕು ಅಂತ. ಓದಿ ಜೇಬಿಗೆ ಇಟ್ಟೆ. ಮತ್ತೆ ಕಲ್ಲಿನ ಹತ್ತಿರ ಹೋದೆ. ಎರಡು ದಿನ ಅಲ್ಲೇ ಇದ್ದೆ.

ಅವ್ವ ಇನ್ನೆರಡು ದಿನ ಇರುತ್ತಾಳೆ ಅಂದುಕೊಂಡೆ, ಮಳೆ ಬಂದರೆ ಕಲ್ಲು ಮತ್ತೆ ಮುಚ್ಚಿಹೋಗುತ್ತದೆ ಅಂದುಕೊಂಡೆ ಅನ್ನುವುದೆಲ್ಲ ನೆಪ. ನಿಜ ಏನೆಂದರೆ, ಆ ಗೆರೆಯ ಮುಂದೆ ನಿಂತಾಗ ಒಬ್ಬರ ಸಾವು ನನಗೆ ಚಿಕ್ಕದಾಗಿ ಕಂಡಿತು. ಅದು ಅವ್ವನ ಸಾವು ಅಂತ ಎದೆಗೆ ತಟ್ಟುವ ಹೊತ್ತಿಗೆ ಅವ್ವ ಇರಲಿಲ್ಲ.

ನಿನ್ನ ಆಣೆ ಸರಿಯಾಗಿತ್ತು, ಅಣ್ಣಯ್ಯ. ಇದನ್ನು ಮೂರು ವರ್ಷ ಬಚ್ಚಿಟ್ಟುಕೊಂಡಿದ್ದೆ, ಇನ್ನು ಆಗುವುದಿಲ್ಲ.

ಅರುಂಧತಿ

*

ಸ್ಪಿತಿ ಕಣಿವೆ
20 ಸೆಪ್ಟೆಂಬರ್ 2025

ಅಣ್ಣಯ್ಯನಿಗೆ,

ನಿನ್ನಿಂದ ಉತ್ತರವಿಲ್ಲ. ಬರುತ್ತದೆ ಅಂತ ಕಾಯುವ ಮುಖವೂ ನನಗಿಲ್ಲ. ಬಿಡಾರ ಕೀಳುತ್ತಿದ್ದೇವೆ, ಮೇಲಿನ ಬೆಟ್ಟಗಳಲ್ಲಿ ಹಿಮ ಬಿದ್ದಿದೆ. ನಾಳೆಯಿಂದ ಚಂಡೀಗಡದ ವಿಳಾಸ, ಅತ್ತಿಗೆಯ ಹತ್ತಿರ ಇದೆ.

ಒಂದೇ ಒಂದು ಸಂಗತಿ ಹೇಳುವುದಿದೆ. ನಿನಗೆ ಕೇಳುವ ಮನಸ್ಸಿಲ್ಲದಿದ್ದರೆ ಪಟ್ಟಲಮ್ಮನ ಅಂಗಡಿಯ ಬೆಂಚಿಗಾದರೂ ಓದಿ ಹೇಳು. ಮೊನ್ನೆ ಗೆರೆಯಿಂದ ಒಂದು ಗೇಣು ಮೇಲೆ, ಏನೂ ಇಲ್ಲ ಅಂತ ನಾನು ನಿನಗೆ ಬರೆದಿದ್ದ ಬೂದು ಕಲ್ಲಿನಲ್ಲಿ, ಹೆಬ್ಬೆರಳ ಉಗುರಿನಷ್ಟು ಒಂದು ಚಿಪ್ಪು ಸಿಕ್ಕಿತು. ತೆಳ್ಳಗೆ, ಮೈಮೇಲೆ ಸಣ್ಣ ಸಣ್ಣ ಗೆರೆ. ಬೇರೆ ಕಡೆ ಇಂಥದ್ದು ಸಿಕ್ಕಿದೆ, ಹೊಸದೇನಲ್ಲ. ಆದರೆ ಈ ಜಾಗದಲ್ಲಿ ಹದಿನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಮೊದಲನೆಯದು. ಉಸಿರಿಲ್ಲದ ಸಮುದ್ರದ ತಳದಲ್ಲಿ, ಜೊತೆಗೆ ಯಾರೂ ಇಲ್ಲದೆ, ಅದು ಬದುಕಿತ್ತು. ಅದರ ಮುಂದೆ ಮಂಡಿಯೂರಿ ಕೂತುಬಿಟ್ಟೆ.

ಮರ ಹೋಯಿತಾ?

ಅರುಂಧತಿ

*

ಕೊಕ್ಕರೆ ಬೆಳ್ಳೂರು
4 ನವೆಂಬರ್ 2025

ಅರುಂಧತಿಗೆ,

ಮರ ಇದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಒಂದು ಎಡವಟ್ಟು ಮಾಡಿಕೊಂಡಿದ್ದೇನೆ, ಮೊದಲಿನಿಂದ ಹೇಳುತ್ತೇನೆ.

ನಿನ್ನ ಆಗಸ್ಟಿನ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ. ಆಣೆ ಇಟ್ಟದ್ದು ಕೋಪದಲ್ಲಿ, ಆದರೆ ನೀನು ಹೇಳಿದ್ದನ್ನು ನಾನು ನಂಬಿದ್ದೆ. ಯಾರಾದರೂ ನಿನ್ನನ್ನು ಅಂದರೆ 'ರಸ್ತೆ ಕುಸ್ದಿತ್ತು ಕಣಪ್ಪ, ಅವಳೇನ್ ಮಾಡಾಳು' ಅಂತ ನಾನೇ ಅವರ ಬಾಯಿ ಮುಚ್ಚಿಸುತ್ತಿದ್ದೆ. ಮಾತು ಬಿಟ್ಟವಳ ಪರವಾಗಿ ಮೂರು ವರ್ಷ ಜಗಳ ಕಾದಿದ್ದೇನೆ. ನೀನು ಬರೆದದ್ದು ಓದಿದಾಗ ಕಪಾಳಕ್ಕೆ ಹೊಡೆದ ಹಾಗಾಯಿತು. ಎರಡು ತಿಂಗಳು ನಿನ್ನ ಹೆಸರು ಎತ್ತಲಿಲ್ಲ. ಸೆಪ್ಟೆಂಬರಿನ ಕಾಗದ ಒಡೆಯದೆ ಹದಿನೈದು ದಿನ ಇಟ್ಟಿದ್ದೆ. ಕೊನೆಗೆ ಗಗನ ಒಡೆದು ಓದಿದಳು. ಆ ಚಿಪ್ಪಿನ ಭಾಗವನ್ನು ನಾನು ಅವಳಿಂದ ಇನ್ನೊಂದು ಸಲ ಓದಿಸಿಕೊಂಡೆ.

ನಾನೂ ಒಂದು ಬಚ್ಚಿಟ್ಟಿದ್ದೇನೆ. ಮರ ತೆಗೆಸಬೇಕು ಅಂದದ್ದು ಅಡುಗೆಮನೆಯ ಶೀಟಿಗಲ್ಲ. ಶೀಟು ಅವತ್ತೇ ಹಾಕಿಸಿದೆ. ಹಕ್ಕಿಗಳನ್ನು ಅವ್ವ ಏನನ್ನುತ್ತಿದ್ದಳು, ನೆನಪಿದೆಯಾ? ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳು ಅನ್ನುತ್ತಿದ್ದಳು. ಮರದ ಕೆಳಗೆ ಯಾರೂ ಜಗಳ ಆಡಬಾರದು, ಬಾಣಂತಿಯರಿಗೆ ನಿದ್ದೆ ಕೆಡುತ್ತದೆ ಅಂತ ಗದರುತ್ತಿದ್ದಳು. ತಿಥಿಯ ದಿನ ನಾನು ನಿನ್ನ ಮೇಲೆ ಕೂಗಾಡಿ ಆಣೆ ಇಟ್ಟದ್ದು ಅದೇ ಮರದ ಕೆಳಗೆ. ಆ ವರ್ಷದಿಂದ ಒಂದೂ ಬರಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಆ ಖಾಲಿ ಮರ ನನ್ನನ್ನೇ ನೋಡುತ್ತದೆ. ತವರಿನ ಬಾಗಿಲು ಮುಚ್ಚಿದವನು ನಾನು ಅಂತ ಅನ್ನಿಸುತ್ತದೆ. ಅದನ್ನು ತಡೆದುಕೊಳ್ಳುವುದಕ್ಕೆ ನನ್ನಿಂದ ಆಗುತ್ತಿಲ್ಲ, ಅದಕ್ಕೇ ಕಡಿಸಬೇಕು ಅಂತ ಹೊರಟದ್ದು.

ನೀನು ಒಪ್ಪಿದೆ, ಅರ್ಜಿಯೂ ಪಾಸಾಯಿತು. ಆದರೆ ಊರ ಹಿರಿಯರು ಒಪ್ಪಲಿಲ್ಲ. ಒಂದು ಕಾಲಕ್ಕೆ ಹಕ್ಕಿ ಸಾಕಿದ ಮರ, ಬಸವಪ್ಪನ ಅಪ್ಪಣೆ ಇಲ್ಲದೆ ಮುಟ್ಟಬೇಡ ಅಂದರು. ಸರಿ ಅಂತ ಮೊನ್ನೆ ಭಾನುವಾರ ಪಕ್ಕದೂರಿನ ಗುಡಿಯಿಂದ ದೇವರ ಗೂಳಿ ಬಸವಪ್ಪನನ್ನು ಕರೆಸಿದೆ. ತಮಟೆ, ಗಂಟೆ, ಊರೆಲ್ಲ ನಮ್ಮ ಮನೆ ಮುಂದೆ. ಪದ್ಧತಿ ನಿನಗೆ ಗೊತ್ತು. ಮಂಡಿಯೂರಿ, ಎರಡು ಅಂಗೈ ಚಾಚಿ, ಕಣ್ಣು ಮುಚ್ಚಿ, ಕೇಳುವುದನ್ನು ಮನಸ್ಸಿನಲ್ಲೇ ಕೇಳಬೇಕು. ಬಸವಪ್ಪ ಬಲಗಾಲು ಎತ್ತಿ ಅಂಗೈ ಮೇಲೆ ಇಟ್ಟರೆ ಅಪ್ಪಣೆ, ಮುಖ ತಿರುಗಿಸಿ ಹೋದರೆ ಇಲ್ಲ.

ಮರ ತೆಗೆಸಲಾ ಅಂತ ಕೇಳಬೇಕು ಅಂತಲೇ ಕೂತೆ, ಅರುಂಧತಿ. ಕಣ್ಣು ಮುಚ್ಚಿದ ಕೂಡಲೇ ಮರ ಬರಲಿಲ್ಲ. ನೀನು ಬಂದೆ. ಬೋಳು ಬೆಟ್ಟದ ಮುಂದೆ, ಜೇಬಿನಲ್ಲಿ ಚೀಟಿ ಇಟ್ಟುಕೊಂಡು, ಕಲ್ಲಿನ ಮೇಲೆ ಕೈ ಇಟ್ಟು ನಿಂತಿದ್ದೆ. ಎರಡು ದಿನ ಅಲ್ಲೇ ಉಳಿದವಳ ಜೊತೆ ನಾನು ಮಾತಾಡಲಾ, ಬಸವಪ್ಪ, ಅಂತ ನನ್ನ ಮನಸ್ಸು ಕೇಳಿಬಿಟ್ಟಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಅಂಗೈ ಮೇಲೆ ಗೊರಸು ಇತ್ತು. ಅಷ್ಟು ದೊಡ್ಡ ಪ್ರಾಣಿ, ಊಟದ ತಟ್ಟೆ ಇಟ್ಟಷ್ಟೇ ಭಾರ.

ಊರಿಗೆ ಊರೇ ಕೂಗಿತು. 'ಪಾದ ಕೊಟ್ಬುಟ್ಟ, ಮರ ತೆಗಿಬೋದು' ಅಂತ ಹಿರಿಯರು ಅಂದರು. ಶಶಿಧರ್ ಅಲ್ಲೇ ಹಗ್ಗ ಹಾಕಿ ಅಳತೆ ತೆಗೆದುಕೊಂಡ. ಹದಿಮೂರನೇ ತಾರೀಕು ಗುರುವಾರ ಮಿಷನ್ನು ತರುತ್ತಾನಂತೆ. ನಾನು ಬಾಯಿ ಬಿಡಲಿಲ್ಲ. ಏನಂತ ಹೇಳಲಿ? ಮರ ಕೇಳಲು ದೇವರನ್ನು ಕರೆಸಿ ತಂಗಿಯನ್ನು ಕೇಳಿದೆ ಅಂದರೆ ಅರವತ್ತು ಮುಟ್ಟುತ್ತಿರುವವನನ್ನು ಊರು ಏನನ್ನುತ್ತದೆ? ಹೇಳದಿದ್ದರೆ ದೇವರ ಹೆಸರಿನಲ್ಲಿ ಸುಳ್ಳು ಅಪ್ಪಣೆಗೆ ಅವ್ವನ ಮರ ಬೀಳುತ್ತದೆ.

ಇಂದ್ರಮ್ಮನಿಗೆ ಮಾತ್ರ ಹೇಳಿದ್ದೇನೆ. ನಕ್ಕಳು, ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಿನ್ನನ್ನು ಕೇಳೋಣ ಅಂದರೆ ಇಂಥದ್ದನ್ನು ಫೋನಿನಲ್ಲಿ ಅವಳ ಬಾಯಲ್ಲಿ ಹೇಳಿಸಲಾರೆ, ಕಾಗದ ಹೋಗಿ ಉತ್ತರ ಬರುವುದರೊಳಗೆ ಗುರುವಾರ ಮುಗಿದಿರುತ್ತದೆ. ನನಗೆ ದಾರಿ ಕಾಣುತ್ತಿಲ್ಲ.

ಚಲುವರಾಜು

*

ಚಂಡೀಗಡ
15 ನವೆಂಬರ್ 2025

ಅಣ್ಣಯ್ಯನಿಗೆ,

ನಿನ್ನ ಕಾಗದ ನಿನ್ನೆ ಬಂತು. ಗುರುವಾರ ಕಳೆದುಹೋಗಿದೆ. ಅತ್ತಿಗೆಗೆ ಫೋನ್ ಮಾಡಿ ಕೇಳಬಹುದು. ಕೈ ಬರುತ್ತಿಲ್ಲ. ಏನಾಯಿತು ಅಂತ ನೀನೇ ಹೇಳಬೇಕು, ಬೇರೆಯವರ ಬಾಯಲ್ಲಿ ಕೇಳಲಾರೆ.

ಮರ ಬಿದ್ದಿದ್ದರೆ ನಾನು ನಿನ್ನನ್ನು ಅನ್ನುವುದಿಲ್ಲ. ಮರ ಬಿದ್ದಿದೆಯೋ ನಿಂತಿದೆಯೋ ಗೊತ್ತಿಲ್ಲದ ಈ ಹೊತ್ತಿನಲ್ಲೂ ನನಗೆ ಖುಷಿಯಾಗಿದೆ, ಇದನ್ನು ಹೇಳಲು ನಾಚಿಕೆಯಾಗುತ್ತದೆ. ಊರ ಮುಂದೆ ಕಣ್ಣು ಮುಚ್ಚಿದಾಗ ನಿನಗೆ ನಾನು ಕಂಡೆ. ಇಪ್ಪತ್ತೈದು ಕೋಟಿ ವರ್ಷದ ಕಲ್ಲಿನ ಮೇಲೆ ಕೈ ಇಟ್ಟಾಗಲೂ ನನ್ನ ಮೈ ಹೀಗೆ ಜುಮ್ಮೆಂದಿರಲಿಲ್ಲ.

ಅರುಂಧತಿ

*

ಕೊಕ್ಕರೆ ಬೆಳ್ಳೂರು
18 ನವೆಂಬರ್ 2025

ಅರುಂಧತಿಗೆ,

ಗುರುವಾರ ಬೆಳಗ್ಗೆ ಶಶಿಧರ್ ಇಬ್ಬರು ಆಳುಗಳ ಜೊತೆ ಬಂದ. ಕೊಂಬೆಗೆ ಹಗ್ಗ ಕಟ್ಟಿದರು. ಬಸವಪ್ಪನ ಪೂಜಾರಿಯೂ ಬಂದಿದ್ದ, ಹಿರಿಯರೂ ಇದ್ದರು. ಮಿಷನ್ನು ಚಾಲೂ ಮಾಡಿದಾಗ ಶಿವಣ್ಣನ ಮರದಿಂದ ಹೆಜ್ಜಾರ್ಲೆಗಳು ಒಟ್ಟಿಗೆ ಎದ್ದವು. ಈ ವರ್ಷ ಬೇಗ ಬಂದಿವೆ, ಹದಿನೈದಿಪ್ಪತ್ತು ಇದ್ದವು. ನಮ್ಮ ಮನೆಯ ಮೇಲೆ ಸುತ್ತು ಹಾಕಿದವು. ತಲೆ ಎತ್ತಿ ನೋಡಿದೆ. ಆ ದೊಡ್ಡ ರೆಕ್ಕೆ, ಆ ಚೀಲದ ಕೊಕ್ಕು, ಹೊಟ್ಟೆಗೆ ಅಂಟಿಸಿಕೊಂಡ ಕಾಲು. ಐವತ್ತೇಳು ವರ್ಷ ಇವುಗಳ ಕೆಳಗೇ ಓಡಾಡಿದ್ದೇನೆ, ಅವತ್ತು ಮೊದಲ ಸಲ ಕಂಡ ಹಾಗೆ ಕಂಡವು. ಆಕಾಶದಿಂದ ಬಂಡೆ ಬಿದ್ದಾಗಲೂ ದಾಟಿಕೊಂಡು ಬಂದ ವಂಶ ನಮ್ಮ ಮಿಷನ್ನಿನ ಸದ್ದಿಗೆ ಬೆದರಿ ಸುತ್ತುತ್ತಿದೆ ಅನ್ನಿಸಿತು.

'ನಿಲ್ಸ್ಲಾ ಶಶಿ' ಅಂದೆ.

ಮಿಷನ್ನು ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು.

'ಬಸಪ್ಪ ಪಾದ ಕೊಟ್ಟಿದ್ದು ಮರಕ್ಕಲ್ಲ ಕಣ್ರಪ್ಪ' ಅಂದೆ.

'ಮತ್ಯಾತಕ್ಲಾ?' ಅಂತ ಶಿವಣ್ಣ ಕೇಳಿದ.

'ನಮ್ಮ ಅರುಂಧತಿ ಕುಟೆ ಮಾತಾಡ್ಲಾ ಅಂತ ಕೇಳ್ಬುಟ್ಟಿದ್ದೆ.'

ಅದಕ್ಕೂ ಶಿವಣ್ಣನೇ ಬಾಯಿ ಹಾಕಿದ. 'ಅದುಕ್ಕೆ ಬಸಪ್ಪನೇ ಬರ್ಬೇಕಾಗಿತ್ತೇನ್ಲಾ? ನನ್ ಕೇಳಿದ್ರೆ ಮೂರ್ ವರ್ಸದ್ ಇಂದೇನೆ ನಾನೇ ಪಾದ ಕೊಡ್ತಿದ್ನಲ್ಲೋ.' ಊರೆಲ್ಲ ನಕ್ಕಿತು. ನಾನೂ ನಕ್ಕೆ. ಶಶಿಧರ್ ಮಾತ್ರ ಮುಖ ಊದಿಸಿಕೊಂಡು ಹಗ್ಗ ಬಿಚ್ಚಿದ.

ಪೂಜಾರಿ ನಗಲಿಲ್ಲ. 'ಕೊಟ್ಟ ಪಾದವ ವಾಪಸ್ ತಕ್ಕಳಕಾಗಲ್ಲ ಚಲ್ವರಾಜು. ನೀನೇನ್ ಕೇಳ್ದ್ಯೋ ಅದುಕ್ಕೇ ಕೊಟ್ಟವ್ನೆ. ಅವನ್ ಮ್ಯಾಲೆ ಇಟ್ಟಿದ್ದ ಆಣೆಯ ಅವನೇ ಬುಡ್ಸವ್ನೆ. ಇನ್ ನೀನು ಮಾತಾಡ್ನಿಲ್ಲ ಅಂದ್ರೆ ಅದೇ ತಪ್ಪಾಯ್ತದೆ' ಅಂದ. ಮರದ ಗತಿ ಏನು, ಇನ್ನೊಂದು ದಿನ ಬಸವಪ್ಪನನ್ನು ಕರೆತರೋಣವಾ ಅಂತ ಹಿರಿಯರು ಕೇಳಿದರು. ಬೇಡ ಅಂದೆ. ಮರ ಅಲ್ಲೇ ಇರುತ್ತದೆ. ಟೊಳ್ಳಾದ ಬುಡದ ಸುತ್ತ ಮಣ್ಣು ಏರಿಸಿ ಕಲ್ಲು ಕಟ್ಟಿಸುತ್ತೇನೆ. ಹಕ್ಕಿಗಳು ನಮ್ಮ ಮರಕ್ಕೆ ಬಂದಿಲ್ಲ, ಸುತ್ತು ಹಾಕಿ ಶಿವಣ್ಣನ ಮರಕ್ಕೇ ಹೋದವು. ಮೂರು ವರ್ಷ ಖಾಲಿ ಇದ್ದದ್ದಕ್ಕೆ ನಾನು ಕೊಡಲಿ ಎತ್ತಿದ್ದೆ. ಅಷ್ಟು ದೊಡ್ಡ ಸಮುದ್ರ ಒಂದು ಕೋಟಿ ವರ್ಷ ಹವಳವಿಲ್ಲದೆ ಖಾಲಿ ಬಿದ್ದಿತ್ತು ಅನ್ನುವುದನ್ನು ದಿನಕ್ಕೆ ಒಂದು ಸಲವಾದರೂ ನೆನೆಯುತ್ತೇನೆ. ನೆನೆದಾಗಲೆಲ್ಲ ಎದೆ ಝಲ್ಲೆನ್ನುತ್ತದೆ, ಆಮೇಲೆ ಹಗುರಾಗುತ್ತದೆ.

ಗುರುವಾರದಿಂದ ಇವತ್ತಿನ ತನಕ ಮೂರು ಸಲ ಫೋನ್ ಕೈಗೆ ತೆಗೆದುಕೊಂಡೆ. ಮೂರು ಸಲವೂ ಇಟ್ಟುಬಿಟ್ಟೆ. ಇಷ್ಟು ದಿನ ಆಣೆಯ ಮರೆಯಲ್ಲಿ ಕೂತಿದ್ದೆ, ಈಗ ಅದೂ ಇಲ್ಲ, ಏನು ಮಾತಾಡುವುದು ಅಂತ ಭಯವಾಗುತ್ತದೆ. ಅದಕ್ಕೇ ಇದೊಂದು ಕಾಗದ, ಇದೇ ಕಡೆಯದು. ಈ ತಿಂಗಳ ಮೂವತ್ತು, ಭಾನುವಾರ, ಬೆಳಗ್ಗೆ ಎಂಟು ಗಂಟೆಗೆ ನಾನೇ ಮಾಡುತ್ತೇನೆ. ಇಂದ್ರಮ್ಮ ಕೊಟ್ಟಿಗೆಗೆ ಹೋಗುವುದು ಬೇಡ, ಮರದ ಕೆಳಗೆ ಕೂತು ಮಾತಾಡಿ ಅಂದಿದ್ದಾಳೆ.

ತಪ್ಪಾಯಿತು ಅಂತ ನೀನು ಶುರು ಮಾಡಬೇಡ. ಅದಕ್ಕೆ ಏನು ಹೇಳಬೇಕು ಅಂತ ನನಗೆ ಗೊತ್ತಿಲ್ಲ. ಕೋಪ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ನೀನು ಒಂದು ಕೆಲಸ ಮಾಡು. ಆ ಕಲ್ಲಿನ ಮುಂದೆ ಉಳಿದ ಆ ಎರಡು ದಿನ ನೀನು ಏನೇನು ನೋಡಿದೆ, ಬೆಳಗ್ಗೆಯಿಂದ ಸಂಜೆಯ ತನಕ, ಒಂದೂ ಬಿಡದೆ ಬಾಯಿಬಿಟ್ಟು ಹೇಳು. ಎಷ್ಟು ಹೊತ್ತಾದರೂ ಕೇಳುತ್ತೇನೆ. ಆಮೇಲೆ ನಾನು ಹೇಳುತ್ತೇನೆ, ಅದೇ ಎರಡು ದಿನ ಇಲ್ಲಿ ಅವ್ವ ಹೇಗಿದ್ದಳು ಅಂತ. ಅದನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ.

ಚಲುವರಾಜು